ಹಳೇ ಓಮ್ನಿಯಲ್ಲಿ ಕೃಷ್ಣೆಯ ತವರಿಗೆ

ಬೀಳಗಿ ತಾಲೂಕಿನ ಹೊಳೆಸಾಲಿನಲ್ಲಿ ಬೆಳೆದವರಿಗೆ ಮಳೆಗಾಲದ ಒಂದು ಮಾತು ಬಾಯಿಪಾಠ: ‘ಕೊಯ್ನಾದಿಂದ ನೀರು ಬಿಟ್ಟಾರಂತ.’ ಕೊಯ್ನಾ ಎಂದರೆ ಮಹಾರಾಷ್ಟ್ರದಲ್ಲಿ ಕೃಷ್ಣೆಯ ಉಪನದಿಗೆ ಕಟ್ಟಿದ ಅಣೆಕಟ್ಟು, ಅಲ್ಲಿ ಬಿಟ್ಟ ನೀರು ಕೃಷ್ಣೆ ಸೇರಿ ನಮ್ಮ ಹೊಳೆಗೇ ಬರುತ್ತದೆ. ನಮ್ಮನೆಯವರ ಹುಟ್ಟೂರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದೆ. ಅತ್ತೆ ಈಗಿರುವುದು ಪುನರ್ವಸತಿ ಕೇಂದ್ರದ ಮನೆಯಲ್ಲಿ. ನಾವು ಪುಣೆಗೆ ಬಂದು ಹದಿನೈದು ವರ್ಷವಾಯಿತು. ಆ ನೀರು ಹುಟ್ಟುವ ಮಹಾಬಳೇಶ್ವರ ಇಲ್ಲಿಂದ ಬರೀ 120 ಕಿ.ಮೀ. ದೂರದಲ್ಲಿದ್ದರೂ ಹೋಗಿರಲಿಲ್ಲ. ಕಳೆದ ನವೆಂಬರಿನಲ್ಲಿ ನಾಲ್ಕು ದಿನ ರಜೆ ಹಾಕಿ, ನಮ್ಮ 2008ರ ಮಾರುತಿ ಓಮ್ನಿಯಲ್ಲೇ ಹೊರಟೆವು. ಹಳೇ ಗಾಡಿಯಲ್ಲಿ ಸಹ್ಯಾದ್ರಿ ಹತ್ತಬೇಕೆಂದು ಆಸೆ ಇಟ್ಟುಕೊಂಡವರಿಗೆ ಉಪಯೋಗವಾಗಲಿ ಎಂದು ಇಷ್ಟು ಬರೆಯುತ್ತಿದ್ದೇನೆ.

ದಾರಿ ಹೀಗೆ: ಪುಣೆ, ವಾಯಿ, ಪಂಚಗಣಿ, ಮಹಾಬಳೇಶ್ವರ, ಅಲ್ಲಿಂದ ಕೇಳಘರ್ ಘಾಟು ಇಳಿದು ಮೇಢಾ, ಸಾತಾರಾ, ಕರಾಡ, ಮರಳಿ ಪುಣೆ. ಅಲ್ಲಿ ಇಲ್ಲಿ ಸುತ್ತಾಡಿದ್ದೂ ಸೇರಿ ಸುಮಾರು 450 ಕಿ.ಮೀ. ಹೊಸ ಕಾರಿನವರು ಎರಡು ದಿನದಲ್ಲಿ ಮುಗಿಸುತ್ತಾರೆ. ನೀವು ನಾಲ್ಕು ದಿನ ಇಟ್ಟುಕೊಳ್ಳಿ. ಒಂದು ದಿನಕ್ಕೆ ಒಂದೇ ಘಾಟು ಎಂದು ಲೆಕ್ಕ ಹಾಕಿದರೆ ಗಾಡಿಗೂ ಹಿತ, ನಿಮಗೂ ಹಿತ.

ಓಮ್ನಿ ತಯಾರಾಗುವುದು 2019ರಲ್ಲೇ ನಿಂತಿತು. ಆದರೂ ಅದರ 796 ಸಿಸಿ ಎಂಜಿನ್ನನ್ನು ಬಲ್ಲ ಮೆಕ್ಯಾನಿಕ್ ತಾಲೂಕಿನ ಊರುಗಳಲ್ಲಿ ಈಗಲೂ ಸಿಗುತ್ತಾನೆ, ಅದೇ ದೊಡ್ಡ ಧೈರ್ಯ. ಹದಿನೈದು ವರ್ಷ ದಾಟಿದ ಗಾಡಿಯಾದರೆ ನವೀಕರಿಸಿದ ಆರ್‌ಸಿ, ವಿಮೆ, ಪಿಯುಸಿ ಮೂರೂ ಕೈಗೆಟುಕುವಂತಿರಲಿ. ಫ್ಯಾನ್ ಬೆಲ್ಟ್, ಕ್ಲಚ್ ವೈರ್, ಫ್ಯೂಸು, ಐದು ಲೀಟರ್ ನೀರು, ಗಾಳಿ ತುಂಬಿದ ಸ್ಟೆಪ್ನಿ ಇಟ್ಟುಕೊಳ್ಳಿ. ಇಳಿಜಾರಿನಲ್ಲಿ ನಿಲ್ಲಿಸಿದಾಗ ಗಾಲಿಗೆ ಒತ್ತು ಕೊಡಲು ಒಂದು ಮರದ ತುಂಡನ್ನೂ ಮರೆಯಬೇಡಿ. ಈ ಗಾಡಿಯಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಘಾಟು ಹತ್ತುವಾಗ ಸೀಟು ಹಂಚಿನ ಹಾಗೆ ಕಾಯುತ್ತದೆ. ಅತ್ತೆ ಹೊಲಿದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಂಡೆವು, ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಹಿಂದಿನ ಸೀಟು ಮಡಚಿ, ಹಲಗೆ ಇಟ್ಟು, ಅದರ ಮೇಲೆ ಗಾದಿ ಹಾಸಿದರೆ ಇಬ್ಬರಿಗೆ ಮಲಗಲು ಸಾಕು. ಊಟಕ್ಕೆ ಕಟಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಸ್ಟೋವ್ ಒಯ್ದರೆ ಗಾಡಿಯ ಒಳಗೆ ಮಾತ್ರ ಹಚ್ಚಲೇಬೇಡಿ.

ಬೆಳಗಿನ ಐದಕ್ಕೇ ಕಾತ್ರಜ್ ದಾಟಿದರೆ ಲಾರಿಗಳ ಕಾಟ ಕಡಿಮೆ. ಮುಂದೆ ಖಂಬಾಟ್ಕಿ. ನಾವು ಹೋದಾಗ ಪುಣೆ ಕಡೆಯಿಂದ ಹೋಗುವವರು ಘಾಟು ಹತ್ತಬೇಕಿತ್ತು, ಮರಳಿ ಬರುವವರಿಗೆ ಸುರಂಗ. ಎಡಕ್ಕೆ ಇದ್ದು, ಎರಡನೇ ಗೇರಿನಲ್ಲಿ, ಹಿಂದಿನವರ ಹಾರ್ನಿಗೆ ಗಡಿಬಿಡಿ ಮಾಡಿಕೊಳ್ಳದೆ ಹತ್ತಿ. ಮೊದಲ ದಿನ ವಾಯಿಯಲ್ಲೇ ಉಳಿದೆವು. ಅಲ್ಲಿ ಕೃಷ್ಣೆಗೆ ಕಟ್ಟಿದ ಕಲ್ಲಿನ ಸ್ನಾನಘಟ್ಟಗಳಿವೆ, ಢೋಲ್ಯಾ ಗಣಪತಿ ಇದ್ದಾನೆ. ಹತ್ತಿರದ ಮೇಣವಲಿಯಲ್ಲಿ ಪೇಶ್ವೆಗಳ ಮಂತ್ರಿಯಾಗಿದ್ದ ನಾನಾ ಫಡ್ನವೀಸರ ವಾಡೆ ಇದೆ. ಸಂಜೆ ಮೇಣವಲಿಯ ಘಟ್ಟದ ಮೆಟ್ಟಿಲ ಮೇಲೆ ಕೂತವರು ಕತ್ತಲಾಗುವವರೆಗೂ ಏಳಲಿಲ್ಲ.

ಮರುದಿನ ಬೆಳಗಿನ ತಂಪಿನಲ್ಲೇ ಪಸರಣಿ ಘಾಟು. ವಾಯಿಯಿಂದ ಪಂಚಗಣಿಗೆ ಸುಮಾರು 12 ಕಿ.ಮೀ., ಪೂರ್ತಿ ಏರು. ಟೆಂಪರೇಚರ್ ಮುಳ್ಳಿನ ಮೇಲೆ ಒಬ್ಬರ ಕಣ್ಣು ಇರಲಿ. ಮುಳ್ಳು ಮೇಲೇರಿದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಆದರೆ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ನಾವು ಎರಡು ಕಡೆ ನಿಂತೆವು. ಎರಡನೆಯ ಕಡೆಯಿಂದ ಧೋಮ್ ಅಣೆಕಟ್ಟಿನ ನೀರು ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು. ಅದೂ ಕೃಷ್ಣೆಯೇ.

ಪಂಚಗಣಿ, ಮಹಾಬಳೇಶ್ವರಗಳ ಪೇಟೆ, ಪಾಯಿಂಟುಗಳ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಹೇಳುವುದಿಲ್ಲ. ಶನಿವಾರ, ಭಾನುವಾರ ಬಿಟ್ಟು ಹೋಗಿ ಅಷ್ಟೆ. ಪೇಟೆಯಿಂದ ಆರು ಕಿ.ಮೀ. ದೂರದ ಕ್ಷೇತ್ರ ಮಹಾಬಳೇಶ್ವರಕ್ಕೆ ಮಾತ್ರ ತಪ್ಪದೆ ಹೋಗಬೇಕು. ಪಂಚಗಂಗಾ ಗುಡಿಯಲ್ಲಿ ಕೃಷ್ಣಾ, ಕೊಯ್ನಾ, ವೆಣ್ಣಾ, ಸಾವಿತ್ರಿ, ಗಾಯತ್ರಿ ಐದೂ ಕೂಡಿ ಒಂದು ಗೋಮುಖದಿಂದ ಬೀಳುತ್ತವೆ. ಅಲ್ಲಿ ಜನ ಜಾಸ್ತಿ. ಹತ್ತಿರದಲ್ಲೇ ಕೃಷ್ಣಾಬಾಯಿಯ ಹಳೇ ಕಲ್ಲುಗುಡಿ ಇದೆ. ನಾವು ಹೋದಾಗ ಒಂದು ನರಪಿಳ್ಳೆಯೂ ಇರಲಿಲ್ಲ. ಕಲ್ಲಿಗೆಲ್ಲ ಹಾವಸೆ. ಕಲ್ಲಿನ ಹಸುವಿನ ಬಾಯಿಂದ ಬರುವ ನೀರು ನನ್ನ ಹೆಬ್ಬೆರಳಿಗಿಂತ ದಪ್ಪವಿರಲಿಲ್ಲ. ಕೆಳಗೆ ಬೊಗಸೆ ಹಿಡಿದರೆ ಕೈ ಜುಮ್ಮೆನ್ನುವಷ್ಟು ತಣ್ಣಗೆ. ನಮ್ಮನೆಯವರು ಬಹಳ ಹೊತ್ತು ಹಾಗೇ ಹಿಡಿದು ನಿಂತರು. ಕಡೆಗೆ, ‘ಇಷ್ಟ ನೀರು ನಮ್ಮೂರ ನುಂಗೇತಿ ನೋಡು’ ಅಂದರು. ಸಿಟ್ಟಿನಿಂದ ಹೇಳಿದ್ದಲ್ಲ. ನಾನು ಏನೂ ಹೇಳಲಾರದೆ ಬಾಟಲಿ ತುಂಬಿಕೊಂಡೆ.

ರಾತ್ರಿ ಒಬ್ಬ ಸ್ಟ್ರಾಬೆರಿ ರೈತರ ಅಂಗಳದಲ್ಲಿ, ಅವರನ್ನು ಕೇಳಿ, ಗಾಡಿ ನಿಲ್ಲಿಸಿದೆವು. ಊಟಕ್ಕೆ ಪಿಟ್ಲ-ಭಾಕ್ರಿ, ಅಂದರೆ ಕಡಲೆಹಿಟ್ಟಿನ ಝುಣಕ, ರೊಟ್ಟಿ, ಅವರ ಮನೆಯದೇ. ಕಾಡಿನ ದಾರಿಯಲ್ಲಿ, ಪಾಯಿಂಟುಗಳ ಬಳಿ ರಾತ್ರಿ ತಂಗಬೇಡಿ, ಯಾರದಾದರೂ ಅಂಗಳ ಕೇಳುವುದೇ ಮೇಲು. ಕಿಟಕಿ ಒಂದು ಬೆರಳಷ್ಟು ತೆರೆದಿಡಿ. ಪೂರ್ತಿ ಮುಚ್ಚಿದರೆ ಉಸಿರು ಕಟ್ಟಿದಂತಾಗುತ್ತದೆ, ಬೆಳಗಾಗುವಷ್ಟರಲ್ಲಿ ಗಾಜೆಲ್ಲ ನೀರಾಡುತ್ತದೆ.

ಮುಖ್ಯ ವಿಷಯ ಮೂರನೇ ದಿನದ್ದು. ಹತ್ತುವಾಗ ಗಾಡಿ ಸೋತರೆ ನಿಲ್ಲುತ್ತದೆ. ಇಳಿಯುವಾಗ ಸೋತರೆ ನಿಲ್ಲುವುದಿಲ್ಲ. ಕೇಳಘರ್ ಘಾಟಿನಲ್ಲಿ ನಮ್ಮನೆಯವರು ಮೂರನೇ ಗೇರಿನಲ್ಲಿ, ಬ್ರೇಕಿನ ಮೇಲೆ ಕಾಲಿಟ್ಟೇ ಇಳಿಸುತ್ತಿದ್ದರು. ಮೊದಲು ಸುಟ್ಟ ವಾಸನೆ ಬಂತು. ಎರಡು ತಿರುವು ಕಳೆಯುವಷ್ಟರಲ್ಲಿ ಪೆಡಲ್ ಹಿಟ್ಟಿನ ಮುದ್ದೆ ತುಳಿದ ಹಾಗೆ ಮೆತ್ತಗೆ ಒಳಗೆ ಹೋಯಿತು. ‘ರೀ, ಗೇರ್ ಇಳಸ್ರಿ!’ ಎಂದು ಕೂಗಿದೆ. ಎರಡಕ್ಕೆ, ಆಮೇಲೆ ಒಂದಕ್ಕೆ ಹಾಕಿ, ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆಯುತ್ತ ಗುಡ್ಡದ ಬದಿಗೆ ತಂದು ನಿಲ್ಲಿಸಿದರು. ಇಳಿದು ಗಾಲಿಗೆ ಮರದ ತುಂಡು ಕೊಡುವಾಗ ನನ್ನ ಕೈ ನಡುಗುತ್ತಿತ್ತು.

ಕೆಳಗಿನಿಂದ ಲಿಂಬೆಹಣ್ಣಿನ ಪಿಕಪ್ ಒಂದು ಹತ್ತಿ ಬಂತು, ವಿಜಯಪುರದ ಕೆಎ 28 ನಂಬರು. ನಮ್ಮ ಮಾತು ಕೇಳಿದ್ದೇ ಡ್ರೈವರ್ ನಿಲ್ಲಿಸಿ ಇಳಿದ. ಇಂಡಿ ಕಡೆಯ ಹುಡುಗ.

‘ಯಾಕ್ರಿ ಅಕ್ಕಾರ, ಬ್ರೇಕ್ ಹಿಡೀವಲ್ದೇನು?’

ನಾನು ನೀರಿನ ಕ್ಯಾನ್ ಎತ್ತಿಕೊಂಡಿದ್ದೆ. ‘ನೀರ ಹಾಕಬ್ಯಾಡ್ರಿ, ಕಾದ ಕಬ್ಬಿಣ ಸೀಳತೈತಿ. ತಾನ ಆರಲಿ’ ಎಂದು ತಡೆದ. ಆಮೇಲೆ ನಮ್ಮನೆಯವರಿಗೆ, ‘ಅಣ್ಣಾರ, ಹತ್ತೂವಾಗ ಹಾಕೂ ಗೇರಿನ್ಯಾಗನ ಇಳೀಬೇಕ್ರಿ. ಬ್ರೇಕ್ ಒತ್ತೂದು, ಬಿಡೂದು. ಕಾಲ ಇಟ್ಟಕೊಂಡ ಕುಂದರೂದಲ್ಲ’ ಅಂದ. ಮುಕ್ಕಾಲು ಗಂಟೆ ನಮ್ಮ ಜೊತೆ ನಿಂತು, ಪೆಡಲ್ ಗಟ್ಟಿಯಾದದ್ದನ್ನು ತಾನೇ ಒತ್ತಿ ನೋಡಿ, ಹೋಗುವಾಗ ನಮ್ಮ ಕೈಗೆ ಹತ್ತು ಲಿಂಬೆಹಣ್ಣು ಹಾಕಿ ಹೋದ. ಇಂಥವರ ಋಣ ಹೇಗೆ ತೀರಿಸುವುದೋ ತಿಳಿಯದು.

ಸಾತಾರಾದ ಮೆಕ್ಯಾನಿಕ್ ಬ್ರೇಕ್ ಆಯಿಲ್ ತೆಗೆದು ತೋರಿಸಿದ. ಕಷಾಯದಷ್ಟು ಕಪ್ಪಗಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತ ಹೋಗುತ್ತದೆ. ತೇವ ಸೇರಿದ ಆಯಿಲ್ ಕಾವಿಗೆ ಬೇಗ ಕುದಿದು ಒಳಗೆ ಆವಿ ತುಂಬುತ್ತದೆ, ಪೆಡಲ್ ಮೆತ್ತಗಾಗುವುದು ಅದರಿಂದಲೇ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಘಾಟಿಗೆ ಹೊರಡುವ ಮುಂಚೆ ಇದನ್ನು, ಲೈನರುಗಳನ್ನು ಗ್ಯಾರೇಜಿನಲ್ಲಿ ಎದುರಿಗೆ ನಿಂತು ಮಾಡಿಸಿ, ದಯವಿಟ್ಟು ಮುಂದೂಡಬೇಡಿ. ಎದುರಿನಿಂದ ಹತ್ತಿ ಬರುವವರಿಗೆ ಮೊದಲು ದಾರಿ ಬಿಡಬೇಕೆಂಬುದೂ ನೆನಪಿರಲಿ, ಇಳಿಯುವವರು ನಿಂತು ಹೊರಡುವುದು ಸುಲಭ.

ಗಾಡಿ ರಿಪೇರಿಯಲ್ಲಿ ಅರ್ಧ ದಿನ ಹೋದದ್ದರಿಂದ ಸಾತಾರಾ ಹತ್ತಿರದ, ಕಾಡುಹೂಗಳಿಗೆ ಹೆಸರಾದ ಕಾಸ್ ಪ್ರಸ್ಥಭೂಮಿ ಬಿಟ್ಟೆವು. ನವೆಂಬರಿನಲ್ಲಿ ಅಲ್ಲಿ ಹೂವೂ ಇರುವುದಿಲ್ಲ. ಹೂವಿಗಾಗಿಯೇ ಹೋಗುವವರು ಸೆಪ್ಟೆಂಬರಿನಲ್ಲಿ, ಮೊದಲೇ ಬುಕಿಂಗ್ ಮಾಡಿಕೊಂಡು ಹೋಗಬೇಕು. ಜುಲೈ, ಆಗಸ್ಟಿನಲ್ಲಿ ಮಾತ್ರ ಹಳೇ ಗಾಡಿ ಇತ್ತ ತರಬೇಡಿ. ಮಂಜಿಗೆ ಎದುರಿನ ದಾರಿ ಕಾಣದು, ಗುಡ್ಡ ಜರಿಯುವುದೂ ಉಂಟು.

ಸಾತಾರಾದಿಂದ ಕರಾಡ ಹೆದ್ದಾರಿಯಲ್ಲಿ ಸುಮಾರು 50 ಕಿ.ಮೀ. ಅಲ್ಲಿಂದ ಪುಣೆಗೂ ಅದೇ ಹೆದ್ದಾರಿ, ನಾಲ್ಕನೇ ದಿನ ಮಧ್ಯಾಹ್ನ ಹೊರಟರೂ ಸಾಕು. ಕರಾಡದ ಪ್ರೀತಿಸಂಗಮದಲ್ಲಿ ಕೃಷ್ಣಾ, ಕೊಯ್ನಾ ಎದುರೆದುರು ಹರಿದು ಬಂದು ಕೂಡಿ, ಒಟ್ಟಾಗಿ ಪೂರ್ವಕ್ಕೆ ತಿರುಗುತ್ತವೆ. ದಂಡೆಯಲ್ಲಿ ಮಹಾರಾಷ್ಟ್ರದ ಮೊದಲ ಮುಖ್ಯಮಂತ್ರಿ ಯಶವಂತರಾವ್ ಚವ್ಹಾಣರ ಸಮಾಧಿ ಇದೆ. ಒಂದೇ ಗುಡ್ಡದಲ್ಲಿ ಹುಟ್ಟಿ ಬೇರೆಯಾದವು ಇಷ್ಟು ದೂರ ಬಂದು ಮುಖಾಮುಖಿ ಆಗುವುದನ್ನು ನೋಡುತ್ತ ನಿಂತಾಗ ನಮ್ಮನೆಯವರು ಅತ್ತೆಗೆ ವಿಡಿಯೋ ಕಾಲ್ ಹಚ್ಚಿ, ‘ಯವ್ವಾ, ಇದ ನೋಡು ಕೊಯ್ನಾ, ಇದ ಕೃಷ್ಣಾ’ ಎಂದು ಫೋನ್ ಹೊಳೆಯ ಕಡೆ ತಿರುಗಿಸಿದರು.

ಅತ್ತೆ ಸ್ವಲ್ಪ ಹೊತ್ತು ನೋಡಿ ಕೇಳಿದರು: ‘ಈಗ ನೀರ ಎಷ್ಟ ಬಿಟ್ಟಾರಂತ?’