ಮೇಲ್ ಹೆಡರ್ ಓದಿ ಫಿಶಿಂಗ್ ಹಿಡಿಯುವುದು: ಕೆಲಸ ಎಲ್ಲಿಗೆ ಬಂತು

ಕಾಗುಣಿತದ ತಪ್ಪು ನೋಡಿ ಮೋಸದ ಮೇಲ್ ಗುರುತಿಸುವ ಹಳೆಯ ಪಾಠವನ್ನು ಕೈಬಿಟ್ಟಾಯಿತು. ವಂಚಕರ ಭಾಷೆ ಈಗ ಅಚ್ಚುಕಟ್ಟಾಗಿಯೇ ಇರುತ್ತದೆ. ಈಗಿನ ಅಭ್ಯಾಸವೆಲ್ಲ ಹೆಡರ್ ಮೇಲೆ, ಅಂದರೆ ಮೇಲ್ ಯಾರಿಂದ, ಯಾವ ದಾರಿಯಲ್ಲಿ ಬಂತೆಂದು ಹೇಳುವ ಸಾಲುಗಳ ಮೇಲೆ.

ಮಾದರಿ ಕೂಡಿಡುವಾಗ ಮೇಲನ್ನು ಫಾರ್ವರ್ಡ್ ಮಾಡಿದರೆ ಮೂಲ ಹೆಡರ್ ಹೋಗುತ್ತದೆ. ಜಿಮೇಲ್‌ನ ‘ಶೋ ಒರಿಜಿನಲ್’ನಿಂದ ಇಎಂಎಲ್ ಫೈಲ್ (ಹೆಡರ್ ಸಮೇತ ಪೂರ್ಣ ಮೇಲ್) ಇಳಿಸಿ, ಬರೀ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆಯಬೇಕು. ಮೇಲ್ ಆ್ಯಪ್‌ನಲ್ಲಿ ತೆರೆದರೆ ಹೊರಗಿನ ಚಿತ್ರಗಳು ಲೋಡ್ ಆಗಿ, ಮೇಲ್ ಓದಿದ್ದು ಕಳಿಸಿದವರಿಗೆ ತಿಳಿದೀತು.

ದಾರಿಯ ಪ್ರತಿ ಸರ್ವರ್ ಸೇರಿಸುವ ‘ರಿಸೀವ್ಡ್’ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನವನ್ನು ಯಾರು ಬೇಕಾದರೂ ಕಟ್ಟಿ ಬರೆಯಬಹುದು. ನಮ್ಮ ಸರ್ವರ್ ಬರೆದ ಮೇಲಿನ ಸಾಲುಗಳನ್ನಷ್ಟೇ ನಂಬಬಹುದು.

ಹೆಚ್ಚು ಜನ ಎಡವುವುದು ‘ಎಸ್‌ಪಿಎಫ್ ಪಾಸ್’ ಎಂಬಲ್ಲಿ. ಎಸ್‌ಪಿಎಫ್ ಎಂದರೆ ಒಂದು ಡೊಮೇನ್ (ವಿಳಾಸದಲ್ಲಿ ‘ಅಟ್’ ಚಿಹ್ನೆಯ ನಂತರದ ಹೆಸರು) ಪರವಾಗಿ ಮೇಲ್ ಕಳಿಸಬಹುದಾದ ಸರ್ವರ್‌ಗಳ ಪಟ್ಟಿ. ಎಸ್‌ಪಿಎಫ್ ಪರೀಕ್ಷಿಸುವುದು ‘ರಿಟರ್ನ್-ಪಾತ್’ನ (ತಲುಪದ ಮೇಲ್ ಮರಳುವ ವಿಳಾಸದ) ಡೊಮೇನನ್ನು, ಕಣ್ಣಿಗೆ ಕಾಣುವ ‘ಫ್ರಂ’ ವಿಳಾಸವನ್ನಲ್ಲ. ವಂಚಕ ತನ್ನದೇ ಡೊಮೇನ್‌ನಿಂದ ಕಳಿಸಿ ಎಸ್‌ಪಿಎಫ್ ದಾಟಿ, ‘ಫ್ರಂ’ನಲ್ಲಿ ಬ್ಯಾಂಕಿನ ವಿಳಾಸ ಹಾಕಬಲ್ಲ. ಈ ಕಿಂಡಿ ಮುಚ್ಚುವುದು ಡಿಮಾರ್ಕ್ ಎಂಬ ನಿಯಮ: ಎಸ್‌ಪಿಎಫ್ ಅಥವಾ ಡಿಕಿಮ್ (ಡೊಮೇನೊಂದು ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಪೈಕಿ ಒಂದಾದರೂ ಪಾಸಾಗಿ, ಅದರ ಡೊಮೇನ್ ‘ಫ್ರಂ’ನ ಡೊಮೇನ್‌ಗೆ ಹೊಂದಬೇಕು. ಹೊಂದಿದರೂ ತಿಳಿಯುವುದು ಮೇಲ್ ಆ ಡೊಮೇನ್‌ನದೇ ಎಂದಷ್ಟೆ. ಒಂದಕ್ಷರ ಬದಲಿಸಿ ಕೊಂಡ ಹೋಲಿಕೆಯ ಡೊಮೇನ್‌ಗೂ ಡಿಮಾರ್ಕ್ ಪಾಸ್ ಸಿಗುತ್ತದೆ.

ತಿರುವುಮುರುವೂ ಉಂಟು: ಅಸಲಿ ಮೇಲ್ ಕೂಡ ಫೇಲ್ ಆಗಬಹುದು. ತಾನಾಗಿ ಫಾರ್ವರ್ಡ್ ಆಗುವ ಮೇಲ್ ಬೇರೆ ಸರ್ವರ್‌ನ ಐಪಿಯಿಂದ ಬರುವುದರಿಂದ ಎಸ್‌ಪಿಎಫ್ ಫೇಲ್ ಆಗಬಹುದು. ಒಡಲು ಬದಲಾಗದಿದ್ದರೆ ಡಿಕಿಮ್ ಉಳಿಯುತ್ತದೆ. ಗುಂಪಿನ ಮೇಲಿಂಗ್ ವ್ಯವಸ್ಥೆ ಅಡಿಯಲ್ಲಿ ಒಂದು ಸಾಲು ಸೇರಿಸಿದರೆ ಸಾಮಾನ್ಯವಾಗಿ ಅದೂ ಮುರಿಯುತ್ತದೆ. ಒಂಟಿ ‘ಫೇಲ್’ ನೋಡಿ ಮೋಸವೆನ್ನುವುದು ಆತುರ.

ಲಿಂಕ್ ಓದುವ ಅಭ್ಯಾಸ ಅರ್ಧ ಮುಗಿದಿದೆ. ಆರಂಭದ ಜೋಡಿ ಓರೆಗೆರೆ ಬಿಟ್ಟು, ಅದರಾಚೆಯ ಮೊದಲ ಓರೆಗೆರೆ ಹುಡುಕಿ, ಅಲ್ಲಿಂದ ಎಡಕ್ಕೆ ಓದಬೇಕು. ಸೈಟಿನ ನಿಜವಾದ ಒಡೆಯ ಸಿಗುವುದು ಬಲತುದಿಯಲ್ಲಿ, ಎಡಗಡೆ ಬ್ಯಾಂಕಿನ ಹೆಸರಿದ್ದರೂ ಅದು ಬರೀ ಅಲಂಕಾರ. ಆ ಭಾಗದಲ್ಲಿ ‘ಅಟ್’ ಚಿಹ್ನೆ ಇದ್ದರೆ ಅದರ ಹಿಂದಿನದ್ದೆಲ್ಲ ಬಳಕೆದಾರನ ಹೆಸರಿನ ಜಾಗ, ಸೈಟ್ ಅಲ್ಲ. ಸಿರಿಲಿಕ್‌ನ ‘ಎ’ ಲ್ಯಾಟಿನ್ ‘ಎ’ಯಂತೆಯೇ ಕಾಣುವುದರಿಂದ ಕಣ್ಣನ್ನೊಂದೇ ನೆಚ್ಚಲಾಗದು. ಪಾಸ್‌ವರ್ಡ್ ಮ್ಯಾನೇಜರ್ ಸುಮ್ಮನಿದ್ದು ತಾನಾಗಿ ತುಂಬದಿದ್ದರೆ ಅದೇ ಒಳ್ಳೆಯ ಎಚ್ಚರಿಕೆ: ಅದು ಹೋಲಿಸುವುದು ಡೊಮೇನನ್ನು, ಪುಟದ ಚಂದವನ್ನಲ್ಲ.

ಸ್ವಂತ ಡೊಮೇನ್‌ಗೆ ಡಿಮಾರ್ಕ್ ಸದ್ಯ ‘ನನ್’ (none, ಕ್ರಮವಿಲ್ಲದೆ ಬರೀ ಗಮನಿಸುವ) ಹಂತದಲ್ಲಿದೆ, ವರದಿಗಳು ಬರುತ್ತಿವೆ. ನೇರ ‘ರಿಜೆಕ್ಟ್’ಗೆ (ತಿರಸ್ಕಾರಕ್ಕೆ) ಹಾರಿದರೆ ಹೊರಗಿನ ಸೇವೆಗಳ ಮೂಲಕ ಹೋಗುವ ಬಿಲ್, ಸುದ್ದಿಪತ್ರಗಳು ಕಾಣೆಯಾಗಬಹುದು, ನಡುವೆ ‘ಕ್ವಾರಂಟೈನ್’ (ಸ್ಪ್ಯಾಮ್‌ಗೆ ತಳ್ಳುವ ಹಂತ) ಬೇಕು. ಎಸ್‌ಪಿಎಫ್‌ನಲ್ಲಿ ಡಿಎನ್‌ಎಸ್ (ಡೊಮೇನ್ ಹೆಸರಿನ ದಾಖಲೆಗಳ ಕೋಶ) ವಿಚಾರಣೆಗೆ 10ರ ಮಿತಿ. ಸೇವೆಗಳನ್ನು ಒಂದೊಂದಾಗಿ ಸೇರಿಸುತ್ತ ಅದು ಮೀರಿದರೆ ‘ಪರ್ಮ್‌ಎರರ್’ (ಶಾಶ್ವತ ದೋಷ). ಎರಡು ಎಸ್‌ಪಿಎಫ್ ದಾಖಲೆ ಹಾಕಿದರೂ ಅದೇ ಗತಿ.

ಮುಂದಿನದು ಡಿಕಿಮ್ ಕೀಲಿ ಬದಲಾವಣೆ. 2048 ಬಿಟ್ ಕೀಲಿ ಡಿಎನ್‌ಎಸ್‌ನ ಟಿಎಕ್ಸ್‌ಟಿ (ಪಠ್ಯ) ದಾಖಲೆಯ 255 ಅಕ್ಷರದ ಒಂದು ತುಂಡಿನಲ್ಲಿ ಹಿಡಿಯದು. ಎರಡು ತುಂಡು ಮಾಡಿ ಬೇರೆಬೇರೆ ಉದ್ಧರಣ ಚಿಹ್ನೆಯೊಳಗೆ ಇಡಬೇಕು.