ಅಲ್ ಉಲಾ ಕಣಿವೆಗೆ ಹೋಗ್ತೀರಾ? ಗೋರಿ ನೋಡಿ ಓಡಿ ಬರಬೇಡಿ

ಸೌದಿಯಲ್ಲಿರುವ ನಮ್ಮವರಲ್ಲಿ ಹಲವರು ಅಲ್ ಉಲಾಗೆ ಬೆಳಿಗ್ಗೆ ಬಂದು, ಹೆಗ್ರಾ ಎಂಬ ಪುರಾತನ ನಗರದ, ಬಂಡೆಯಲ್ಲಿ ಕೆತ್ತಿದ ಗೋರಿಗಳ ಮುಂದೆ ಫೋಟೋ ತೆಗೆದು, ಸಂಜೆಗೇ ಗಾಡಿ ತಿರುಗಿಸುತ್ತಾರೆ. ಅಷ್ಟು ದೂರ ಹೋಗಿ ಇಷ್ಟೇನಾ? ಎರಡು ರಾತ್ರಿಯಾದರೂ ಉಳಿಯಿರಿ.

ಮದೀನಾದಿಂದ ಸುಮಾರು 330 ಕಿ.ಮೀ. ರಸ್ತೆ ಚೆನ್ನಾಗಿದೆ, ಊರುಗಳು ಕಡಿಮೆ, ಹಾಗಾಗಿ ಹೊರಡುವಾಗಲೇ ಟ್ಯಾಂಕ್ ತುಂಬಿಸಿಕೊಳ್ಳಿ. ಜೊತೆಯಲ್ಲಿ ಮುಸ್ಲಿಮೇತರರಿದ್ದರೆ ಮದೀನಾದ ನಡುಭಾಗಕ್ಕೆ ಹೋಗದೆ ಹೊರಗಿನ ರಸ್ತೆ ಹಿಡಿಯಿರಿ.

ತಲುಪಿದ ದಿನ ಸಂಜೆ ಮೊದಲು ಹರ್ರತ್ ಉವೈರಿದ್ ಎಂಬ ಎತ್ತರದ ಲಾವಾ ಬಯಲಿನ ಮೇಲಿನ ವ್ಯೂಪಾಯಿಂಟಿಗೆ ಹೋಗಿ. ನೀವು ನಿಂತಿರುವುದು ಹಳೆಯ ಜ್ವಾಲಾಮುಖಿಯ ಕಪ್ಪು ಕಲ್ಲಿನ ಮೇಲೆ, ಕೆಳಗೆ ಕೆಂಪು ಮರಳುಗಲ್ಲಿನ ಬೆಟ್ಟಗಳು, ಅವುಗಳ ನಡುವೆ ಖರ್ಜೂರದ ತೋಟಗಳ ಹಸಿರು ಪಟ್ಟಿ. ಈ ಕಣಿವೆಯಲ್ಲಿ ಜನ ಯಾಕೆ ನೆಲೆ ನಿಂತರು ಅಂತ ಯಾರೂ ವಿವರಿಸಬೇಕಿಲ್ಲ.

ನನಗೆ ಹೆಗ್ರಾಗಿಂತ ಜಾಸ್ತಿ ಹಿಡಿಸಿದ್ದು ಅಲ್ ಉಲಾದ ಹಳೇ ಊರು. ಮಣ್ಣು-ಕಲ್ಲಿನ ನೂರಾರು ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಹೊರಸಾಲಿನ ಮನೆಗಳ ಗೋಡೆಯೇ ಊರಿನ ಕೋಟೆ, ಓಣಿಯ ಮೇಲೂ ಕೋಣೆ ಕಟ್ಟಿರುವುದರಿಂದ ಮಧ್ಯಾಹ್ನವೂ ನೆರಳಲ್ಲೇ ನಡೆಯಬಹುದು. ಅಲ್ಲಿ 'ತಂತೋರಾ' ಎಂಬ ನೆರಳು ಗಡಿಯಾರ ಇದೆ. ಚೂಪಾದ ಮಣ್ಣಿನ ಕಂಬ ಅಷ್ಟೇ. ಡಿಸೆಂಬರ್ ಕೊನೆಯ ಹೊತ್ತಿಗೆ ಅದರ ನೆರಳು ನೆಲದ ಗುರುತಿನ ಕಲ್ಲನ್ನು ಮುಟ್ಟಿದರೆ ಬಿತ್ತನೆಗೆ ಕಾಲ ಬಂತು ಅಂತ ಲೆಕ್ಕ. 14ನೇ ಶತಮಾನದಲ್ಲಿ ಈ ದಾರಿಯಲ್ಲಿ ಹೋದ ಪ್ರವಾಸಿ ಇಬ್ನ್ ಬತೂತಾ, ಹಜ್ ಯಾತ್ರಿಕರು ಹೆಚ್ಚಿನ ಸಾಮಾನನ್ನು ಈ ಊರಿನವರ ಹತ್ತಿರವೇ ಬಿಟ್ಟು ಹೋಗುತ್ತಿದ್ದರು, ಅಷ್ಟು ನಂಬಿಕಸ್ಥರು ಅಂತ ಬರೆದಿದ್ದಾನೆ.

ಹೆಗ್ರಾಗೆ ಟಿಕೆಟ್ ಮೊದಲೇ ಆನ್‌ಲೈನಲ್ಲಿ ತೆಗೆದುಕೊಳ್ಳಿ, ಸ್ವಂತ ಕಾರು ಒಳಗೆ ಬಿಡುವುದಿಲ್ಲ. 2008ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ, ಸೌದಿಯ ಮೊದಲ ತಾಣ ಇದು. ಒಂಟಿಯಾಗಿ ನಿಂತ ಕಸ್ರ್ ಅಲ್ ಫರೀದ್ ಗೋರಿಯ ಎದುರು ಎಲ್ಲರೂ ಮೇಲೆ ನೋಡುತ್ತಾರೆ, ನೀವು ಬುಡ ನೋಡಿ: ಅಲ್ಲಿ ಉಳಿಯ ಒರಟು ಗುರುತು ಹಾಗೇ ಇದೆ, ಅಂದರೆ ನಬಾತಿಯನ್ನರು (ಎರಡು ಸಾವಿರ ವರ್ಷದ ಹಿಂದೆ ಈ ಗೋರಿಗಳನ್ನು ಕೆತ್ತಿದ ಜನ) ಮೇಲಿಂದ ಕೆಳಗೆ ಕೆತ್ತುತ್ತಾ ಬಂದು ಅರ್ಧಕ್ಕೇ ಬಿಟ್ಟಿದ್ದಾರೆ. ಕೆಲವು ಗೋರಿಗಳ ಬಾಗಿಲ ಮೇಲೆ ಶಾಸನ ಇದೆ. ಯಾರ ಗೋರಿ, ಬೇರೆಯವರನ್ನು ಹೂತರೆ ದಂಡ ಎಷ್ಟು, ಎಲ್ಲಾ ಪಕ್ಕಾ! ಶಾಸನದ ಹುಚ್ಚಿದ್ದರೆ ಜಬಲ್ ಇಕ್ಮಾ ಬೆಟ್ಟ ಬಿಡಬೇಡಿ, ಬಂಡೆ ತುಂಬಾ ದಾದಾನಿ ಲಿಪಿ, ಅಂದರೆ ಈ ಕಣಿವೆಯ ಹಳೆಯ ದಾದಾನ್ ರಾಜ್ಯದ ಬರಹ. ಆನೆ ಬಂಡೆಗೆ ಸೂರ್ಯಾಸ್ತದ ಹೊತ್ತಿಗೆ ಹೋದರೆ ಸಾಕು.

ಕಾಫಿ ಕೊಟ್ಟರೆ ಬೇಡ ಅನ್ನಬೇಡಿ. ತೆಳ್ಳಗೆ, ಏಲಕ್ಕಿ ಘಮ, ಹಾಲೂ ಇಲ್ಲ ಸಕ್ಕರೆಯೂ ಇಲ್ಲ, ಜೊತೆಗೆ ಖರ್ಜೂರ. ಪುಟ್ಟ ಬಟ್ಟಲು ಖಾಲಿಯಾದಂತೆ ಸುರಿಯುತ್ತಲೇ ಇರುತ್ತಾರೆ. ಸಾಕು ಅನ್ನಿಸಿದರೆ ಬಟ್ಟಲನ್ನು ಸ್ವಲ್ಪ ಅಲ್ಲಾಡಿಸಿ ವಾಪಸ್ ಕೊಡಿ, ಅರ್ಥವಾಗುತ್ತದೆ.

ನವೆಂಬರಿಂದ ಮಾರ್ಚ್ ಒಳ್ಳೆಯ ಕಾಲ. ರಾತ್ರಿ ಚಳಿ ಜೋರು, ಸ್ವೆಟರ್ ಬೇಕೇ ಬೇಕು. ಚಳಿಗಾಲದ ಉತ್ಸವದ ಸಮಯದಲ್ಲಿ ರೂಮಿನ ಬಾಡಿಗೆ ಸಿಕ್ಕಾಪಟ್ಟೆ ಏರುತ್ತದೆ. ದೊಡ್ಡ ರೆಸಾರ್ಟೇ ಆಗಬೇಕು ಅಂತಿಲ್ಲದಿದ್ದರೆ ತೋಟದ ಮನೆಗಳನ್ನು ಹುಡುಕಿ.