ಅಜ್ಜಿಯ ಅಪೇಕ್ಷೆ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಮೇಲಿನ ಮನೆಯ ಅಜ್ಜಿ ಒಂದು ಕರಪತ್ರ ಹಿಡಿದು ನಮ್ಮ ಜಗಲಿಗೆ ಬಂದರು. ಮನೆ ದುರಸ್ತಿಯ ಸಹಾಯಧನದ ಪ್ರಕಟಣೆ ಅದು. ಮಲಯಾಳದಲ್ಲಿದ್ದುದನ್ನು ಯಾರೋ ಕನ್ನಡಕ್ಕೆ ತಂದಿದ್ದರು. 'ಅಪೇಕ್ಷೆ ಸಮರ್ಪಿಸಬೇಕಾದ ಕೊನೆಯ ದಿನಾಂಕ' ಎಂಬ ಸಾಲಿನ ಮೇಲೆ ಬೆರಳಿಟ್ಟು ಅಜ್ಜಿ ಕೇಳಿದರು: "ನನಗೆ ದೊಡ್ಡ ಅಪೇಕ್ಷೆ ಏನೂ ಇಲ್ಲ ಮಗಳೇ, ಮಾಡು ಸೋರದಿದ್ದರೆ ಸಾಕು. ಅದನ್ನು ಯಾರಿಗೆ ಸಮರ್ಪಿಸುವುದು?"

ಮಲಯಾಳದ 'ಅಪೇಕ್ಷ' ನಮ್ಮ ಅರ್ಜಿ. ಅಲ್ಲಿ 'ಅವಧಿ' ಎಂದರೆ ರಜೆಯೂ ಹೌದು. 'ಪ್ರಸಂಗ' ಎಂದರೆ ಭಾಷಣ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಆಸುಪಾಸಿನವರಾದ ನಮಗೆ ಆ ಪದ ಕೇಳಿದೊಡನೆ ಚೆಂಡೆಯ ಸದ್ದು ಕಿವಿಗೆ ಬರುತ್ತದೆ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದ ಮೇಲೆ ಕಚೇರಿಯ ಕಾಗದ ಕನ್ನಡದಲ್ಲಿ ಬರಲೆಂದು ಹಿರಿಯರು ಎಷ್ಟು ಹೋರಾಡಿದರು! ಬಂದ ಕಾಗದವೂ ಅಜ್ಜಿಗೆ ಅರ್ಥವಾಗದಿದ್ದರೆ ನನಗೆ ಸಂಕಟವಾಗುತ್ತದೆ.

ತಂಗಿಯ ಮಗಳು ಅಲ್ಲೇ ಕುಳಿತು ಅನುವಾದದ ಪರೀಕ್ಷೆಗೆ ಓದುತ್ತಿದ್ದಳು. ವಿನೇ ಮತ್ತು ಡಾರ್ಬೆಲ್ನೆ ಎಂಬ ವಿದ್ವಾಂಸರು 1958ರಲ್ಲಿ ವಿಂಗಡಿಸಿದ ಅನುವಾದದ ಏಳು ವಿಧಾನಗಳು: ಎರವಲು, ಪಡಿಯಚ್ಚು, ನೇರ ಅನುವಾದ, ಪದವರ್ಗದ ಪಲ್ಲಟ, ನೋಟದ ಪಲ್ಲಟ, ಸಮಾನೋಕ್ತಿ, ಅಳವಡಿಕೆ. ನ್ಯೂಯಾರ್ಕಿನಿಂದ ಮಾಂಟ್ರಿಯಲ್‌ಗೆ ಹೋಗುವ ಹೆದ್ದಾರಿಯ ಫಲಕಗಳನ್ನು ನೋಡುತ್ತಲೇ ಅವರ ಪುಸ್ತಕ ಶುರುವಾಗುತ್ತದೆ. ಕರ್ನಾಟಕದ ಗಡಿಯ ತಲಪಾಡಿ ದಾಟುವಾಗಲೆಲ್ಲ ಫಲಕ ಓದುವ ನನಗೆ ಅವರು ಬಹಳ ಹತ್ತಿರದವರೆನಿಸಿದರು.

"ಇದು ಏಳರಲ್ಲಿ ಯಾವುದು ದೊಡ್ಡಮ್ಮ?" ಎಂದಳು. ಎರವಲು ಎನ್ನೋಣವೆಂದರೆ ಪದ ಮೊದಲೇ ನಮ್ಮಲ್ಲಿದೆ. ನೇರ ಅನುವಾದ ಎನ್ನೋಣವೆಂದರೆ ಅರ್ಥವೇ ದಾಟಿ ಬಂದಿಲ್ಲ. ನೋಡಲು ಒಂದೇ, ಅರ್ಥ ಬೇರೆಯಾದ ಇಂಥ ಪದಗಳನ್ನು ಫ್ರೆಂಚಿನವರು 'ಸುಳ್ಳು ಗೆಳೆಯರು' ಎನ್ನುತ್ತಾರೆ. ಸಂಸ್ಕೃತದ ಪದಗಳನ್ನು ಹಂಚಿಕೊಂಡ ಎರಡು ಭಾಷೆಗಳ ನಡುವೆ ಬದುಕುವವರಿಗೆ ಆ ಏಳಕ್ಕಿಂತ ಮೊದಲು ಬೇಕಾದದ್ದು ಈ ಎಚ್ಚರ.

ಹಾಗೆಂದು ಸಿದ್ಧಾಂತ ವ್ಯರ್ಥವೆಂದು ನಾನು ಒಪ್ಪುವುದಿಲ್ಲ. ವರ್ಷಗಟ್ಟಲೆ ಕಿವಿಯನ್ನೇ ನಂಬಿ ಅನುವಾದಿಸಿದ್ದೇನೆ. 'ವೆಳ್ಳಂ ಪಾಳಾಕ್ಕರುದ್' (ನೀರು ಪೋಲು ಮಾಡಬಾರದು) ಎಂಬುದನ್ನು ಒಮ್ಮೆ 'ನೀರನ್ನು ಮಿತವಾಗಿ ಬಳಸಿ' ಎಂದು ಬರೆದಾಗ, ಮೂಲದಲ್ಲಿರುವ ನಿಷೇಧ ಎಲ್ಲಿ ಹೋಯಿತೆಂದು ಕಚೇರಿಯವರು ಕೇಳಿದರು. ಕಿವಿಗೆ ಹಿತ ಎಂದಷ್ಟೇ ಹೇಳಿದೆ, ಸಾಲು ಉಳಿಯಲಿಲ್ಲ. ಬೇಡ ಎಂಬುದನ್ನು ಬೇಕು ಎಂಬ ಕಡೆಯಿಂದ ಹೇಳುವುದು ನೋಟದ ಪಲ್ಲಟ, ಅದಕ್ಕೂ ಒಂದು ಹೆಸರಿದೆ ಎಂದು ಅಂದು ಗೊತ್ತಿದ್ದರೆ ವಾದಿಸುತ್ತಿದ್ದೆ.

ಕರಪತ್ರದ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದು 'ಅರ್ಜಿ ಸಲ್ಲಿಸಲು ಕೊನೆಯ ದಿನಾಂಕ' ಎಂದು ತಿದ್ದಿದೆ. ಈ ಸಲ ಕಾರಣವನ್ನೂ ಪಕ್ಕದಲ್ಲೇ ನಾಲ್ಕು ಸಾಲು ಬರೆದು ಕಚೇರಿಗೆ ಕೊಡಲೆಂದು ತೆಗೆದಿಟ್ಟೆ. ಆಮೇಲೆ ಅಜ್ಜಿಯ ಅರ್ಜಿ ಬರೆಯಲು ಕುಳಿತೆವು. ಕಾರಣ ಎಂಬಲ್ಲಿ ಏನು ಬರೆಯಲಿ ಎಂದು ಕೇಳಿದೆ. "ಅಡುಗೆಮನೆಯಲ್ಲಿ ಒಲೆಯ ಮೇಲೆಯೇ ಸೋರುತ್ತದೆ" ಎಂದರು. ಹಾಗೆಯೇ ಬರೆದೆ.